ತಮ್ಮನಿಗೆ ಗಾರ್ಡಿಯನ್ ಆಗಿದ್ದು: ದಾವಣಗೆರೆಯ ಸ್ಥಳೀಯ ಮಟ್ಟದ ಸಮಿತಿ

ನನ್ನ ತಮ್ಮನಿಗೆ 31 ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಇದೆ. ಅಮ್ಮ ಇರುವವರೆಗೆ ಅವನ ಕಾಗದಪತ್ರದ ಬಗ್ಗೆ ನಾವ್ಯಾರೂ ಯೋಚಿಸಲಿಲ್ಲ. ಅಮ್ಮ ತೀರಿಕೊಂಡ ಮೇಲೆ, ಅವನ ಹೆಸರಿನಲ್ಲಿ ಅವರು ಇಟ್ಟಿದ್ದ ಠೇವಣಿ ಬಿಡಿಸಲು ಬ್ಯಾಂಕಿಗೆ ಹೋದೆ. "ಅವರಿಗೆ ಸಹಿ ಬರಲ್ಲ, ನಿಮ್ಮ ಸಹಿ ನಡೆಯಲ್ಲ. ಕೋರ್ಟ್ ಆರ್ಡರ್ ತಗೊಂಡು ಬರ್ರಿ" ಎಂದರು. ಮಗುವಿಗೆ 18 ತುಂಬಿದರೆ ಹೆತ್ತವರಿಗೂ ಅವರ ಪರವಾಗಿ ಸಹಿ ಮಾಡುವ ಹಕ್ಕು ತಾನಾಗಿ ಉಳಿಯುವುದಿಲ್ಲ, ಗಾರ್ಡಿಯನ್ (ಕಾನೂನು ಒಪ್ಪಿದ ಪೋಷಕರು) ಎಂದು ನೇಮಕ ಆಗಬೇಕು. ಅದು ನನಗೆ ಗೊತ್ತಾಗಿದ್ದೇ ಆವತ್ತು. ಅಮ್ಮ ಇದ್ದಾಗಲೇ ಮಾಡಿಸಬೇಕಿತ್ತು ಅನ್ನುವ ನೋವು ಇವತ್ತಿಗೂ ಇದೆ.

ಯಾರೋ ಒಬ್ಬರು 20 ಸಾವಿರ ಕೊಟ್ಟರೆ ಗಾರ್ಡಿಯನ್ ಪತ್ರ ಮಾಡಿಸಿಕೊಡುತ್ತೇನೆ ಎಂದರು. ಕೊಡುವವಳಿದ್ದೆ. ನಮ್ಮ ಹಳ್ಳಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ತಡೆದರು. "ಅಕ್ಕಾ, ಸುಮ್ನೆ ದುಡ್ಡು ಕಳ್ಕೋಬೇಡ್ರಿ. ಡಿಸಿ ಆಫೀಸಿಗೆ ಅರ್ಜಿ ಹಾಕ್ರಿ."

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಇದಕ್ಕೆಂದೇ 'ಸ್ಥಳೀಯ ಮಟ್ಟದ ಸಮಿತಿ' ಇದೆ. ಡಿಸಿ ಅಧ್ಯಕ್ಷರು. ಜೊತೆಗೆ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು, ಅಂಗವಿಕಲರೊಬ್ಬರು ಇರುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗೆ ಮಾತ್ರ ಇದು. ಬರೀ ಮಾನಸಿಕ ಕಾಯಿಲೆ ಇದ್ದರೆ ಇಲ್ಲಿ ಆಗುವುದಿಲ್ಲ. ಫಾರ್ಮ್ 'ಎ' ತುಂಬಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆಧಾರ್, ಫೋಟೋ, ಅಣ್ಣನ ಒಪ್ಪಿಗೆ ಪತ್ರ ಲಗತ್ತಿಸಿದೆ.

ಕರೆ ಬಂದ ದಿನ ತಮ್ಮನನ್ನೂ ಕರೆದುಕೊಂಡು ಜಿಲ್ಲಾಡಳಿತ ಭವನಕ್ಕೆ ಹೋದೆ. ಅವನಿಗೆ ಗದ್ದಲ ಆಗಲ್ಲ. ಕಿವಿ ಮುಚ್ಚಿಕೊಂಡು ಕೂತಿದ್ದ. ಅದನ್ನು ನೋಡಿದ ಸಿಬ್ಬಂದಿಯೊಬ್ಬರು ನಮ್ಮನ್ನೇ ಮೊದಲು ಒಳಗೆ ಕಳಿಸಿದರು. ಒಳಗೂ ಸಮಿತಿಯವರು ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಅವನನ್ನು. "ಯಾರ ಜೊತೆ ಇರ್ತೀಯಪ್ಪ?" ಅವನು ಅಕ್ಕ ಅನ್ನಲಿಲ್ಲ, "ಮಂಡಕ್ಕಿ" ಎಂದ. ನನ್ನ ಎದೆ ಧಸಕ್ಕೆಂದಿತು. ದಿನಾ ಸಂಜೆ ಅವನಿಗೆ ಮಂಡಕ್ಕಿ ಹಚ್ಚಿ ಕೊಡುವವಳು ನಾನು. ಅವನು ನನ್ನನ್ನು ಕರೆಯುವುದೇ ಹಾಗೆ. ಅದನ್ನು ಹೇಳಿದೆ. ಅವರು ಅವಸರ ಮಾಡಲಿಲ್ಲ. ಸ್ನಾನ ತಾನೇ ಮಾಡ್ತಾನಾ, ನೀವು ಕೆಲಸಕ್ಕೆ ಹೋದಾಗ ಯಾರು ನೋಡ್ಕೋತಾರೆ, ಯಾವ ಯಾವ ವಿಷಯಕ್ಕೆ ಗಾರ್ಡಿಯನ್ ಬೇಕು, ಎಲ್ಲ ಕೇಳಿದರು. ಇಷ್ಟು ವರ್ಷದಲ್ಲಿ ಯಾವ ಕಚೇರಿಯಲ್ಲೂ ಯಾರೂ ಅವನ ಮುಖ ನೋಡಿ ಮಾತಾಡಿರಲಿಲ್ಲ.

ಪ್ರಮಾಣಪತ್ರ ಸಿಕ್ಕಿತು. ವಕೀಲರ ಫೀಸಿಲ್ಲ, ಕೋರ್ಟ್ ಫೀಸಿಲ್ಲ. ಜೆರಾಕ್ಸ್, ಫೋಟೋ, ಬಸ್ಸು ಎಲ್ಲ ಸೇರಿ 600 ರೂಪಾಯಿ ಖರ್ಚಾಯಿತು.

ಬ್ಯಾಂಕಿನವರು ಮಾತ್ರ ಮತ್ತೆ ತಕರಾರು ತೆಗೆದರು. ಈ ಸಮಿತಿಯ ಪತ್ರವನ್ನು ಬ್ಯಾಂಕುಗಳು ಒಪ್ಪಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಸುತ್ತೋಲೆ ಕಳಿಸಿದೆ. ಅದರ ಪ್ರಿಂಟ್ ತೋರಿಸಿದ ಮೇಲೆ ಕೆಲಸವಾಯಿತು. ನೀವೂ ಒಂದು ಪ್ರತಿ ಇಟ್ಟುಕೊಂಡೇ ಹೋಗಿ.

ಪತ್ರ ಸಿಕ್ಕಿತೆಂದು ಸುಮ್ಮನಿರುವ ಹಾಗಿಲ್ಲ. 6 ತಿಂಗಳೊಳಗೆ ಅವನ ಆಸ್ತಿ, ಸಾಲದ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ವರ್ಷ ಮಾರ್ಚ್ ಮುಗಿದು 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ ಸಂಬಂಧಿಕರು ದೂರು ಕೊಟ್ಟು ಗಾರ್ಡಿಯನ್ನನ್ನು ತೆಗೆಸಬಹುದು. ಕೆಲವರಿಗೆ ಇದು ಕಿರಿಕಿರಿ ಅನಿಸಬಹುದು. ನನಗೆ ಇದರಿಂದಲೇ ಧೈರ್ಯ ಬಂತು. ನಾಳೆ ನಾನಿಲ್ಲದೆ ಬೇರೆ ಯಾರೋ ಗಾರ್ಡಿಯನ್ ಆದರೂ ಅವರನ್ನು ಲೆಕ್ಕ ಕೇಳುವವರು ಇರುತ್ತಾರೆ, ಅಲ್ವಾ?