ಸೆಂಟ್ರಲ್ ವ್ಯಾಕ್ಯೂಮ್‌ಗೆ ಯಾವ ಪವರ್ ಹೆಡ್? ಮೊದಲು ಕಾರ್ಪೆಟ್ ನೋಡಿ

ಗೋಡೆಯೊಳಗಿನ ಪೈಪುಗಳ ಮೂಲಕ ಇಡೀ ಮನೆಯ ದೂಳನ್ನು ಒಂದೇ ಯಂತ್ರಕ್ಕೆ ಎಳೆದುಕೊಳ್ಳುವ ಸೆಂಟ್ರಲ್ ವ್ಯಾಕ್ಯೂಮ್ ಕೊಳ್ಳುವವರ ಗಮನವೆಲ್ಲ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಕುಳಿತಿರುವ ಮುಖ್ಯ ಯಂತ್ರದ ಮೇಲೆಯೇ ಇರುತ್ತದೆ. ಮೋಟಾರು ಎಷ್ಟು ದೊಡ್ಡದು, ಎಷ್ಟು ಬಲವಾಗಿ ಎಳೆಯುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಹೋಸಿನ ತುದಿಯಲ್ಲಿದ್ದು ಕಾರ್ಪೆಟ್ಟನ್ನು ನಿಜವಾಗಿ ಮುಟ್ಟುವ, ತಿರುಗುವ ಬ್ರಷ್ಷಿನ ಪವರ್ ಹೆಡ್ ಮಾತ್ರ ಜೊತೆಗೆ ಬಂದದ್ದೇ ಸಾಕು ಎಂದು ಬಿಟ್ಟುಬಿಡುತ್ತಾರೆ. ಆದರೆ ಗಟ್ಟಿ ನೆಲದ ಮೇಲಿನ ದೂಳಿಗೆ ಗಾಳಿಯ ಸೆಳೆತವೊಂದೇ ಸಾಕಾದರೂ ಕಾರ್ಪೆಟ್ಟಿಗೆ ಅದು ಸಾಲದು. ಕಾಲಿನ ತುಳಿತಕ್ಕೆ ಎಳೆಗಳ ಬುಡಕ್ಕೆ ಇಳಿದ ಮರಳಿನ ಕಣಗಳು ಅಲ್ಲೇ ಕುಳಿತು, ಪ್ರತಿ ಹೆಜ್ಜೆಗೂ ಎಳೆಗಳನ್ನು ಉಜ್ಜಿ ಸವೆಸುತ್ತವೆ. ಅವನ್ನು ಅಲುಗಾಡಿಸಿ ಮೇಲೆಬ್ಬಿಸುವುದು ತಿರುಗುವ ಬ್ರಷ್. ಎದ್ದದ್ದನ್ನು ಸಾಗಿಸುವುದಷ್ಟೇ ಗಾಳಿಯ ಕೆಲಸ. 1908ರಲ್ಲಿ ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಪೇಟೆಂಟ್ ಪಡೆದ ಯಂತ್ರದಲ್ಲಿಯೇ ತಿರುಗುವ ಬ್ರಷ್ಷೂ ಗಾಳಿಯ ಸೆಳೆತವೂ ಒಟ್ಟಿಗೆ ಇದ್ದವು. ಈ ವಿಷಯ ಅಷ್ಟು ಹಳೆಯದು.

ಗಾಳಿಯಿಂದ ಓಡುವ ಟರ್ಬೈನ್ ಹೆಡ್, ಸಾಮಾನ್ಯ ಬೆಲ್ಟಿನ ವಿದ್ಯುತ್ ಹೆಡ್ ಮತ್ತು ಹಲ್ಲುಗಳಿರುವ ಬೆಲ್ಟಿನ ವಿದ್ಯುತ್ ಹೆಡ್, ಈ ಮೂರೂ ಬಗೆಗಳನ್ನು ಬಳಸಿ ನೋಡಿದ ಮೇಲೆ ನನಗೆ ತೋರಿದ್ದು ಇಷ್ಟು: ಕೋಣೆಯಿಂದ ಕೋಣೆಗೆ ಗೋಡೆಯಿಂದ ಗೋಡೆಯವರೆಗೆ ದಪ್ಪ ಕಾರ್ಪೆಟ್ ಹಾಸಿರುವ ಮನೆಗೆ ಮೂರನೆಯ ಬಗೆಯೇ ಸರಿ, ಅದರಲ್ಲಿಯೂ ಬ್ರಷ್ಷಿನ ಎತ್ತರವನ್ನು ಕೈಯಿಂದ ಹೊಂದಿಸಲು ಬರುವಂಥದ್ದು. ಒಂದೆರಡು ತೆಳುವಾದ ಜಮಖಾನಗಳಷ್ಟೇ ಇರುವ ಮನೆಗೆ ಅಷ್ಟೆಲ್ಲ ಅಗತ್ಯವಿಲ್ಲ.

ಟರ್ಬೈನ್ ಹೆಡ್ಡಿನಲ್ಲಿ ಮೋಟಾರು ಇರುವುದಿಲ್ಲ. ಮುಖ್ಯ ಯಂತ್ರ ಎಳೆಯುವ ಗಾಳಿಯೇ ಒಳಗಿನ ಪುಟ್ಟ ಚಕ್ರವನ್ನು ತಿರುಗಿಸಿ ಬ್ರಷ್ಷನ್ನು ಓಡಿಸುತ್ತದೆ. ಆದ್ದರಿಂದ ಅದು ಹಗುರ, ವೈರಿನ ಗೊಡವೆಯಿಲ್ಲ, ಸಾದಾ ಹೋಸಿಗೂ ಸಿಕ್ಕಿಸಬಹುದು. ತೊಂದರೆ ಇರುವುದು ಅದರ ಸ್ವಭಾವದಲ್ಲಿಯೇ. ದಪ್ಪ ಕಾರ್ಪೆಟ್ಟಿನ ಮೇಲೆ ಹೆಡ್ ಒತ್ತಿ ಕುಳಿತಾಗ ಒಳಬರುವ ಗಾಳಿ ಕಡಿಮೆಯಾಗುತ್ತದೆ, ಗಾಳಿ ಕಡಿಮೆಯಾದರೆ ಚಕ್ರ ನಿಧಾನವಾಗುತ್ತದೆ, ಬ್ರಷ್ಷಿನ ಹೊಡೆತ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದು ಸೋಲುತ್ತದೆ. ಮೇಲಾಗಿ, ಕೊಳಕನ್ನು ಸಾಗಿಸಬೇಕಾದ ಶಕ್ತಿಯಲ್ಲಿ ಒಂದು ಪಾಲು ಚಕ್ರ ತಿರುಗಿಸುವುದಕ್ಕೇ ಖರ್ಚಾಗುತ್ತದೆ. ಮೆಟ್ಟಿಲಿಗೆ, ಸೋಫಾಗೆ ಬರುವ ಕೈ ಅಗಲದ ಚಿಕ್ಕ ಟರ್ಬೈನ್ ಬ್ರಷ್‌ಗಳ ವಿಚಾರ ಬೇರೆ. ಅವು ತಮ್ಮ ಜಾಗದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ವಿದ್ಯುತ್ ಹೆಡ್ ಬೇಕೆಂದರೆ ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಗೋಡೆಯೊಳಗಿನ ಪೈಪಿನ ಜೊತೆ ಸಾಗುವ ತೆಳುವಾದ ತಂತಿಯಲ್ಲಿ ಸಾಮಾನ್ಯವಾಗಿ ಇರುವುದು 24 ವೋಲ್ಟ್ ಮಾತ್ರ. ಅದು ಮುಖ್ಯ ಯಂತ್ರವನ್ನು ಆನ್ ಮತ್ತು ಆಫ್ ಮಾಡುವುದಕ್ಕೆ, ಹೆಡ್ಡಿನ ಮೋಟಾರನ್ನು ಓಡಿಸುವುದಕ್ಕಲ್ಲ. ಹೆಡ್ಡಿಗೆ ಮನೆಯ ಪೂರ್ಣ ವೋಲ್ಟೇಜ್ ಬೇಕು. ಹೋಸ್ ಸಿಕ್ಕಿಸುವ ಗೋಡೆಯ ರಂಧ್ರದಲ್ಲಿಯೇ ಅದರ ಸಂಪರ್ಕವಿದ್ದರೆ ಹೋಸ್ ಸಿಕ್ಕಿಸಿದೊಡನೆ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ಹೋಸಿನ ಬುಡದಿಂದ ಹೊರಡುವ ಗಿಡ್ಡ ವೈರನ್ನು ಪಕ್ಕದ ಸಾಕೆಟ್ಟಿಗೆ ಹಾಕಬೇಕು, ಆದ್ದರಿಂದ ಪ್ರತಿ ರಂಧ್ರದ ಹತ್ತಿರವೂ ಸಾಕೆಟ್ ಇದೆಯೇ ಎಂದು ಮನೆಯೆಲ್ಲ ಸುತ್ತಿ ನೋಡಿಕೊಳ್ಳುವುದು ಒಳ್ಳೆಯದು. ಬೇರೆ ದೇಶದಿಂದ ತರಿಸುವವರು 120 ವೋಲ್ಟಿನ ಹೆಡ್ಡನ್ನು 230 ವೋಲ್ಟಿಗೆ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಇನ್ನು ಮೋಟಾರಿನ ತಿರುಗುವಿಕೆಯನ್ನು ಬ್ರಷ್ಷಿಗೆ ತಲುಪಿಸುವ ಬೆಲ್ಟ್. ಚಪ್ಪಟೆಯಾದ ಅಥವಾ ದುಂಡಗಿನ ಸಾದಾ ರಬ್ಬರ್ ಬೆಲ್ಟ್ ಬಿಸಿಗೂ ಎಳೆತಕ್ಕೂ ಕ್ರಮೇಣ ಸಡಿಲವಾಗುತ್ತದೆ. ಅದು ಒಂದೇ ದಿನ ಕಿತ್ತುಹೋಗುವುದಿಲ್ಲ ಎಂಬುದೇ ಅದರ ದೋಷ. ಬ್ರಷ್ ತಿರುಗುತ್ತಿರುವಂತೆ ಕಾಣುತ್ತದೆ, ಸದ್ದೂ ಬರುತ್ತದೆ, ಆದರೆ ಕಾರ್ಪೆಟ್ಟಿಗೆ ತಗುಲಿದೊಡನೆ ಬೆಲ್ಟ್ ಜಾರಿ ಬ್ರಷ್ ಮೆಲ್ಲಗಾಗುತ್ತದೆ. ಹಲ್ಲಿನ ಬೆಲ್ಟಿನಲ್ಲಿ ಈ ಜಾರುವಿಕೆ ಇಲ್ಲ. ಆದರೆ ಜಾರದಿರುವುದಕ್ಕೂ ಒಂದು ಬೆಲೆಯಿದೆ: ಕಾಲುಚೀಲವೋ ಕುಚ್ಚೋ ಬ್ರಷ್ಷಿಗೆ ಸುತ್ತಿಕೊಂಡಾಗ ಸಾದಾ ಬೆಲ್ಟ್ ಜಾರಿ ಮೋಟಾರನ್ನು ಉಳಿಸುತ್ತದೆ, ಹಲ್ಲಿನ ಬೆಲ್ಟ್ ಹಾಗೆ ಮಾಡಲಾರದು. ಆದ್ದರಿಂದ ಹಲ್ಲಿನ ಬೆಲ್ಟ್ ಇರುವ ಹೆಡ್ಡಿನಲ್ಲಿ ಹೊರೆ ಹೆಚ್ಚಾದರೆ ತಾನೇ ನಿಲ್ಲುವ ರಕ್ಷಣೆ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಎತ್ತರದ ಹೊಂದಾಣಿಕೆಯ ಬಗ್ಗೆ. ಈಚಿನ ಮೃದುವಾದ ಕಾರ್ಪೆಟ್ಟುಗಳಲ್ಲಿ ಎಳೆಗಳು ತೀರ ಸಣ್ಣ, ಒತ್ತೊತ್ತಾಗಿ ಕೂಡಿರುತ್ತವೆ. ಅವುಗಳ ನಡುವೆ ಗಾಳಿ ನುಸುಳುವುದು ಕಷ್ಟ. ಸೆಂಟ್ರಲ್ ಯಂತ್ರದ ಬಲವಾದ ಸೆಳೆತಕ್ಕೆ ಹೆಡ್ ಅಂಥ ಕಾರ್ಪೆಟ್ಟಿಗೆ ಜಿಗಣೆಯಂತೆ ಕಚ್ಚಿಕೊಳ್ಳುತ್ತದೆ. ಆಗ ತಳ್ಳುವವರ ತೋಳು ಸೋಲುತ್ತದೆ, ಬ್ರಷ್ ಎಳೆಗಳೊಳಗೆ ಹೂತು ಮೋಟಾರಿನ ಮೇಲೆ ಹೊರೆ ಬೀಳುತ್ತದೆ, ರಕ್ಷಣೆಯ ಸ್ವಿಚ್ ಪದೇ ಪದೇ ಹೆಡ್ಡನ್ನು ನಿಲ್ಲಿಸುತ್ತದೆ. ಹೆಡ್ ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸುವ ಮೊದಲು ಎತ್ತರ ಹೊಂದಿಸಿ ನೋಡಬೇಕು. ಬ್ರಷ್ಷನ್ನು ಅತಿ ಎತ್ತರದ ಸ್ಥಾನಕ್ಕೆ ಏರಿಸಿ, ಓಡಿಸುತ್ತ ಒಂದೊಂದೇ ಹಂತ ಇಳಿಸುತ್ತ ಬನ್ನಿ; ಬ್ರಷ್ಷಿನ ಕೂದಲಿನ ತುದಿ ಕಾರ್ಪೆಟ್ಟಿನ ಎಳೆಗಳನ್ನು ತಾಕಿ ಸದ್ದು ಬದಲಾಗುವ ಹಂತವೇ ಸರಿಯಾದದ್ದು, ಅದಕ್ಕಿಂತ ಕೆಳಗೆ ಇಳಿಸುವುದರಿಂದ ಲಾಭವಿಲ್ಲ. ಅದೂ ಸಾಲದಿದ್ದರೆ ಹಿಡಿಯ ಬಳಿ ಇರುವ ಗಾಳಿಕಿಂಡಿಯನ್ನು ಸ್ವಲ್ಪ ತೆರೆದು ಸೆಳೆತ ತಗ್ಗಿಸಬಹುದು. ಎತ್ತರವನ್ನು ತಾನೇ ಹೊಂದಿಸಿಕೊಳ್ಳುತ್ತದೆ ಎಂದು ಹೇಳಿಕೊಳ್ಳುವ ಒಂದು ಹೆಡ್ ನನ್ನ ಬಳಿ ಇತ್ತು. ತೆಳುವಾದ ಕಾರ್ಪೆಟ್ಟಿನ ಮೇಲೆ ಅದರ ಬಗ್ಗೆ ದೂರೇನೂ ಇರಲಿಲ್ಲ, ದಪ್ಪನೆಯದರ ಮೇಲೆ ಮಾತ್ರ ಅದು ಮುಳುಗಿ ನಿಲ್ಲುತ್ತಿತ್ತು.

ಈ ದೃಷ್ಟಿಯಿಂದ ಜರ್ಮನಿಯ ಸೆಬೋ ಕಂಪನಿಯ ಇಟಿ-1 ನನಗೆ ಮೆಚ್ಚುಗೆಯಾದ ಹೆಡ್. ನಾಲ್ಕು ಹಂತಗಳ ಎತ್ತರ, ಹಲ್ಲಿನ ಬೆಲ್ಟ್, ಬ್ರಷ್ ಸವೆದಾಗಲೋ ಸಿಕ್ಕಿಕೊಂಡಾಗಲೋ ಎಚ್ಚರಿಸುವ ದೀಪ ಇವೆಲ್ಲ ಅದರಲ್ಲಿವೆ. ಸುಮಾರು 12 ಇಂಚು ಅಗಲದ ಅದು ಮೇಜು ಕುರ್ಚಿಗಳ ಸಂದಿಯಲ್ಲಿ ಸಲೀಸಾಗಿ ಓಡಾಡುತ್ತದೆ. ಅದರ ಅಣ್ಣನಾದ ಇಟಿ-2 ಸುಮಾರು 15 ಇಂಚು. ಬಯಲಿನಂಥ ಕೋಣೆಗೆ ಅದು ಸರಿ, ಆದರೆ ಅಗಲ ಹೆಚ್ಚಿದಷ್ಟೂ ಅದೇ ಗಾಳಿ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ತಳ್ಳುವ ಭಾರವೂ ಹೆಚ್ಚುತ್ತದೆ. ಹಲವು ಬ್ರ್ಯಾಂಡ್‌ಗಳ ಸೆಟ್ಟುಗಳ ಜೊತೆ ಬರುವ ವೆಸೆಲ್-ವೆರ್ಕ್ ಇಬಿಕೆ 360 ಸುಮಾರು 14 ಇಂಚಿನದು, ಅದಕ್ಕೂ ಹಲ್ಲಿನ ಬೆಲ್ಟ್ ಇದೆ; ಮಧ್ಯಮ ದಪ್ಪದ ಕಾರ್ಪೆಟ್ಟಿಗೆ ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಕುಣಿಕೆ ಕುಣಿಕೆಯಾಗಿ ನೇಯ್ದ ಉಣ್ಣೆಯ ಕಾರ್ಪೆಟ್ಟಿಗೂ ಕೈನೇಯ್ಗೆಯ ರತ್ನಗಂಬಳಿಗೂ ಲೆಕ್ಕ ಬೇರೆ. ಗಡಸು ಬ್ರಷ್ ಅವುಗಳ ಎಳೆ ಎಬ್ಬಿಸಿ ಜುಂಗು ಜುಂಗಾಗಿಸುತ್ತದೆ, ಅಂಚಿನ ಕುಚ್ಚನ್ನು ಒಳಗೆ ಎಳೆದುಕೊಳ್ಳುತ್ತದೆ. ಅಮೆರಿಕದ ಕಾರ್ಪೆಟ್ ಅಂಡ್ ರಗ್ ಇನ್‌ಸ್ಟಿಟ್ಯೂಟ್ ವ್ಯಾಕ್ಯೂಮ್‌ಗಳಿಗೆ ಮನ್ನಣೆ ಕೊಡುವಾಗ ಕೊಳೆ ತೆಗೆಯುವುದು ಮತ್ತು ದೂಳು ಹೊರಬೀಳದಿರುವುದರ ಜೊತೆಗೆ ಕಾರ್ಪೆಟ್ಟಿನ ಅಂದ ಉಳಿಯುತ್ತದೆಯೇ ಎಂಬುದನ್ನೂ ಪರೀಕ್ಷಿಸುತ್ತದೆ. ಕೊಳ್ಳುವವರು ಮರೆಯುವುದು ಈ ಮೂರನೆಯದನ್ನೇ. ಹಿಡಿಯಲ್ಲಿ ಮೂರು ಸ್ಥಾನಗಳ ಸ್ವಿಚ್ ಇದ್ದು, ಸೆಳೆತ ಮಾತ್ರ ಇಟ್ಟುಕೊಂಡು ಬ್ರಷ್ ನಿಲ್ಲಿಸಲು ಬಂದರೆ ಅಂಚುಗಳ ಮಟ್ಟಿಗೆ ಚಿಂತೆಯಿಲ್ಲ.

ಹೆಡ್ ಮಾತ್ರ ಬದಲಿಸುವವರು ಈಗಿರುವ ವಾಂಡಿನ (ಹೋಸಿಗೂ ಹೆಡ್ಡಿಗೂ ನಡುವಿನ ಉದ್ದ ಕೊಳವೆಯ) ಕುತ್ತಿಗೆಯ ಅಳತೆಯನ್ನೂ, ಅದು ಗುಂಡಿ ಒತ್ತಿ ಬೀಗವಾಗುವ ಬಗೆಯೋ ಬಿಗಿಯಾಗಿ ತೂರಿಸುವ ಬಗೆಯೋ ಎಂಬುದನ್ನೂ, ವೈರ್ ಅದರೊಳಗೇ ಸಾಗುತ್ತದೆಯೋ ಹೊರಗೆ ನೇತಾಡುತ್ತದೆಯೋ ಎಂಬುದನ್ನೂ ನೋಡಿಕೊಳ್ಳದಿದ್ದರೆ ಹೆಡ್ಡಿನ ಜೊತೆ ವಾಂಡನ್ನೂ ಕೊಳ್ಳಬೇಕಾಗುತ್ತದೆ. ಬ್ರಷ್ಷಿಗೆ ಸುತ್ತಿಕೊಂಡ ಕೂದಲು ನಿಧಾನವಾಗಿ ಬೇರಿಂಗಿನೊಳಗೆ ಸೇರುತ್ತದೆ. ಮುಖ್ಯ ಯಂತ್ರ ದೂರದಲ್ಲಿರುವುದರಿಂದ ಕೋಣೆಯಲ್ಲಿ ಕೇಳುವ ಸದ್ದೆಲ್ಲ ಬಹುಪಾಲು ಹೆಡ್ಡಿನದೇ. ಅದು ಕರ್ಕಶವಾದರೆ ಮೊದಲು ಅಲ್ಲಿಯೇ ನೋಡಬೇಕು. ಇಟಿ-1ರಲ್ಲಿ ಒಂದು ಗುಂಡಿ ಒತ್ತಿದರೆ ಬ್ರಷ್ ಹೊರಬರುತ್ತದೆ. ಸ್ಕ್ರೂ ಬಿಚ್ಚಿ ತಳದ ತಟ್ಟೆ ಕಳಚಬೇಕಾದ ಹೆಡ್‌ಗಳಲ್ಲಿ ಕೂದಲು ತೆಗೆಯುವ ಕೆಲಸವನ್ನು ಎಲ್ಲರೂ ಮುಂದೂಡುತ್ತಾರೆ, ಬೇರಿಂಗ್ ಹಾಳಾಗುವುದು ಹಾಗೆ.