ಡಿಹ್ಯೂಮಿಡಿಫೈಯರ್: ಕೆಲವು ಮಳೆಗಾಲ ಓಡಿಸಿದ ಮೇಲೆ

ಕೋಣೆಯ ಗಾಳಿಯಲ್ಲಿರುವ ತೇವ ತೆಗೆಯುವ ಮೆಷಿನ್ ಇದು. ದಿನಕ್ಕೆ 20 ಲೀಟರ್ ನೀರು ತೆಗೆಯುತ್ತದೆ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು. ಅಷ್ಟು ನೀರು ಒಂದು ದಿನವೂ ಬಂದಿಲ್ಲ. ಮೋಸ ಅಂತಲ್ಲ, ಆ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ ಸೆಖೆ, ಶೇ 80 ತೇವಾಂಶ ಇರುವ ಕೋಣೆಯದ್ದು. ತೇವ ಇಳಿದಂತೆ ಸಿಗುವ ನೀರೂ ಕಡಿಮೆಯಾಗುತ್ತದೆ. ಹೆಚ್ಚುಕಡಿಮೆ ಅರ್ಧ ಅಂತ ಹಿಡಿದೇ ಕೊಳ್ಳಿ.

ನನ್ನದು ಕಂಪ್ರೆಸರ್ ಮಾದರಿ. ಒಳಗೆ ಎಳೆದ ಗಾಳಿ ತಣ್ಣನೆ ಕಾಯಿಲ್‌ಗೆ ತಾಗಿ, ಅದರಲ್ಲಿದ್ದ ತೇವ ಹನಿಗಟ್ಟಿ ಟ್ಯಾಂಕಿಗೆ ಇಳಿಯುತ್ತದೆ. ಆಮೇಲೆ ಅದೇ ಗಾಳಿ ಬಿಸಿ ಕಾಯಿಲ್ ದಾಟಿ ಹೊರಗೆ ಬರುತ್ತದೆ. ಹಾಗಾಗಿ ಕೋಣೆ ಸ್ವಲ್ಪ ಬಿಸಿಯೇ ಆಗುತ್ತದೆ. ಏಸಿ ಥರ ತಂಪು ಬೇಕು ಅನ್ನುವವರಿಗೆ ಇದಲ್ಲ.

ದುಡ್ಡಿಗೆ ಸರಿಯಾಗಿ ದುಡಿಯುವುದು ಬಟ್ಟೆ ಒಣಗಿಸುವಾಗ. ಚಿಕ್ಕ ಕೋಣೆ, ಕಿಟಕಿ ಬಾಗಿಲು ಭದ್ರ, ಗಾಳಿ ನೇರ ಬಟ್ಟೆಯ ಕೆಳಗೆ ಬೀಸಬೇಕು. ಬೆಳಿಗ್ಗೆ ಜೀನ್ಸ್ ಪ್ಯಾಂಟಿನ ಜೇಬಿನ ಒಳಬಟ್ಟೆಯೂ ಗರಿಗರಿ. ಬೀರುವಿನ ಬಾಗಿಲು ತೆರೆದಿಟ್ಟು ಓಡಿಸಲು ಶುರು ಮಾಡಿದ ಮೇಲೆ ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು ಹಿಡಿಯುವುದೂ ನಿಂತಿದೆ.

ಮೆಷಿನ್ ತೋರಿಸುವ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ತನ್ನ ಬಾಯಿಗೆ ಬಂದ ಗಾಳಿಯನ್ನಷ್ಟೇ ಅಳೆಯುತ್ತದೆ. ಇದು 50 ಅಂದಾಗ ಕೋಣೆಯ ಆ ಮೂಲೆಯ ಮೀಟರ್ 57–58 ತೋರಿಸುತ್ತದೆ. ಬೇರೆ ಒಂದು ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಇಟ್ಟುಕೊಳ್ಳಿ. ನಾನು ಶೇ 50ರ ಆಸುಪಾಸಿಗೆ ಬಿಟ್ಟಿದ್ದೇನೆ. 40ಕ್ಕಿಂತ ಕೆಳಗಿಳಿಸಿದರೆ ಕರೆಂಟೂ ಜಾಸ್ತಿ, ಗಂಟಲೂ ಒಣಗುತ್ತದೆ.

ಒಮ್ಮೆ ಟ್ಯಾಂಕ್ ಖಾಲಿ ಇದ್ದರೂ ‘ತುಂಬಿದೆ’ ಅನ್ನುವ ಕೆಂಪು ದೀಪ ಆರಲೇ ಇಲ್ಲ. ರಿಪೇರಿಗೆ ಬಂದವರು ಬೋರ್ಡ್ ಬದಲಿಸಬೇಕು ಅಂದರು! ನೋಡಿದರೆ ನೀರಿನ ಮಟ್ಟ ತಿಳಿಸುವ, ಟ್ಯಾಂಕಿನೊಳಗಿನ ತೇಲುಬಿರಡೆ ಲೋಳೆ ಹಿಡಿದು ಮೇಲೆ ಅಂಟಿಕೊಂಡಿತ್ತು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ, ಮುಗೀತು. ಈಗ ಫಿಲ್ಟರ್ ತೊಳೆಯುವಾಗಲೇ ಟ್ಯಾಂಕೂ ತೊಳೆಯುತ್ತೇನೆ. ಅಂದ ಹಾಗೆ ಆ ನೀರು ಕುಡಿಯುವುದಕ್ಕಲ್ಲ, ನೆಲ ಒರೆಸಲು ಸಾಕು.

ಸದ್ದು ಇದೆ, ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಕಷ್ಟ. ಪೈಪ್ ಹಾಕಿದರೆ ಟ್ಯಾಂಕ್ ಖಾಲಿ ಮಾಡುವ ಗೋಜಿಲ್ಲ, ಆದರೆ ಪೈಪ್ ಉದ್ದಕ್ಕೂ ಇಳಿಜಾರಾಗಿರಬೇಕು. 15 ಡಿಗ್ರಿಗಿಂತ ತಣ್ಣಗಿರುವ ಕೋಣೆಯಲ್ಲಿ ಕಾಯಿಲ್ ಮೇಲೆ ಮಂಜು ಕಟ್ಟಬಹುದು. ಅಂಥ ಕಡೆ ತಣ್ಣನೆ ಕಾಯಿಲ್ ಬದಲು ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ ಮೇಲು.

ಗೋಡೆಯೊಳಗೆ ನೀರು ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಕಂಪ್ರೆಸರ್ ಇಲ್ಲದೆ ಕರೆಂಟಿನಿಂದ ತಣ್ಣಗಾಗುವ ಬಿಲ್ಲೆ ಇರುವ, ಅಂಗೈ ಮೇಲೆ ಕೂರುವ ಪೆಲ್ಟಿಯರ್ ಮೆಷಿನ್‌ಗಳು ಮುಚ್ಚಿದ ಬೀರುವಿಗೆ ಪರವಾಗಿಲ್ಲ, ಕೋಣೆಗೆ ಅಂತ ತಂದರೆ ಸುಮ್ನೆ ದುಡ್ಡು ದಂಡ.