ಅರ್ಧ ದಿನವಿದ್ದರೆ ಯಾವುದು: ಮೈಸೂರು ಅರಮನೆಯೋ, ದರಿಯಾ ದೌಲತ್ತೋ?

ಮೈಸೂರು ಅರಮನೆಗೂ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೂ ಇರುವ ಅಂತರ ಸುಮಾರು 15 ಕಿಲೋಮೀಟರ್. ನೋಡುವ ರೀತಿ ಮಾತ್ರ ಪೂರ್ತಿ ಬೇರೆ.

ಮೈಸೂರಿನ ಅಂಬಾವಿಲಾಸ ಅರಮನೆ ವೈಭವಕ್ಕೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ, 1912ರಲ್ಲಿ ಮುಗಿಸಿದ್ದು. ಪೂರ್ವದ ಜಯಮಾರ್ತಾಂಡ ದ್ವಾರದ ಚೆಂದ ನೋಡಿ ಅಲ್ಲಿಗೆ ಹೋಗಿ ನಿಲ್ಲಬೇಡಿ; ಪ್ರವಾಸಿಗರ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾದಿರುತ್ತದೆ; ದಪ್ಪ ಕಾಲುಚೀಲ ಇರಲಿ. ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುವಾಗಲೇ ಒಳಹೊಕ್ಕರೆ ಒಳ್ಳೆಯದು. ತಡವಾದರೆ ಜನರ ಸಾಲು ನಿಮ್ಮನ್ನು ತಳ್ಳಿಕೊಂಡೇ ಹೋಗುತ್ತದೆ, ಕಲ್ಯಾಣಮಂಟಪದ ಬಣ್ಣದ ಗಾಜಿನ ನವಿಲುಗಳತ್ತ ಕತ್ತೆತ್ತುವಷ್ಟರಲ್ಲಿ ಮುಂದಿನ ಕೋಣೆ ಬಂದಿರುತ್ತದೆ. ಭಾನುವಾರ ಸಂಜೆಯ ದೀಪಾಲಂಕಾರ ಒಂದು ಗಂಟೆಯೊಳಗೇ ಮುಗಿಯುತ್ತದೆ, ಮತ್ತು ಅದು ಹೊರಗಿನ ನೋಟ ಮಾತ್ರ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಟಿಪ್ಪುವಿನ ಬೇಸಿಗೆ ಅರಮನೆ, 1784ರದು, ಹೆಚ್ಚಿನಂಶ ತೇಗ. ಹೊರಗಿನಿಂದ ಸಪ್ಪೆ, ನಿಜ. ಪಶ್ಚಿಮ ಗೋಡೆಯ ಚಿತ್ರದ ಮುಂದೆ ನಿಂತಾಗ ಆ ಮಾತು ಹಿಂತೆಗೆದುಕೊಳ್ಳುತ್ತೀರಿ: 1780ರ ಪೊಲ್ಲಿಲೂರು ಯುದ್ಧದಲ್ಲಿ ಪಲ್ಲಕ್ಕಿಯಲ್ಲಿ ಕೂತ, ಟಿಪ್ಪುವಿನೆದುರು ಸೋತ ಬ್ರಿಟಿಷ್ ಸೇನಾನಿ ಕರ್ನಲ್ ಬೈಲಿ, ಸಿಡಿಯುವ ಮದ್ದುಗುಂಡಿನ ಗಾಡಿ. ಬಿಸಿಲು ತಾಗದಂತೆ ಸುತ್ತ ಪರದೆ ಇಳಿಬಿಟ್ಟಿರುವುದರಿಂದ ಮಬ್ಬು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ.

ಮಕ್ಕಳು, ಮೊದಲ ಭೇಟಿ ಎಂದಾದರೆ ಮೈಸೂರು. ಚಿತ್ರದ ಮುಂದೆ ಸುಮ್ಮನೆ ನಿಲ್ಲುವವರಿಗೆ ದರಿಯಾ ದೌಲತ್. ದಸರಾ ಹೊತ್ತಿನಲ್ಲಿ ರಾಜವಂಶದವರ ಖಾಸಗಿ ದರ್ಬಾರಿಗಾಗಿ ಅರಮನೆ ಪ್ರವೇಶ ಕೆಲ ಹೊತ್ತು ನಿಲ್ಲುವುದುಂಟು. ಆ ದಿನಗಳಲ್ಲಿ ಶ್ರೀರಂಗಪಟ್ಟಣವನ್ನೇ ಮೊದಲು ಮುಗಿಸಿಕೊಳ್ಳಿ.